ನಿಮಗಿದು ಗೊತ್ತೇ? ಮಾಲೆ ತೆಗೆದ ಮರುದಿನದ ಮಾತು

● ಕುಡಿತಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಇದು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ, 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕ. ಉಳಿದ 37 ಮಂದಿ ಸುಮ್ಮನೆ ಕೂತಿದ್ದಾರೆ ಎಂದುಕೊಳ್ಳಬೇಡಿ. ಅವರು ಆಣೆ ಹಾಕುತ್ತಾರೆ. ಮಧುಗಿರಿಯ ದಂಡಿನ ಮಾರಮ್ಮನ ಮುಂದೆ, ಗೊರವನಹಳ್ಳಿ ಮಹಾಲಕ್ಷ್ಮಿಯ ಮುಂದೆ, ಮಗುವಿನ ತಲೆ ಮುಟ್ಟಿ. ಮನಸಾರೆಯೇ ಹಾಕುತ್ತಾರೆ. ಆಣೆಯ ಮರುದಿನ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಓದುಗರಿಗೆ ಈ ಸಲದ ಅಂಕಣ ಆ ಮರುದಿನದ ಬಗ್ಗೆ.

● ಕಾರ್ತಿಕ ಮಾಸ ಬಂತೆಂದರೆ ನಮ್ಮೂರುಗಳಲ್ಲಿ ಕಪ್ಪು ಪಂಚೆ ಕಾಣತೊಡಗುತ್ತವೆ. ವರ್ಷವಿಡೀ ಕುಡಿದ ಎಷ್ಟೋ ಮಂದಿ ಅಯ್ಯಪ್ಪನ ಮಾಲೆ ಹಾಕಿಕೊಂಡು 41 ದಿನ ಒಂದು ಹನಿಯನ್ನೂ ಮುಟ್ಟುವುದಿಲ್ಲ. "ಆಗ ಬಿಡೋಕೆ ಆಗುತ್ತೆ, ಈಗ ಯಾಕಾಗಲ್ಲ? ಬೇಕೂಂತಲೇ ಕುಡೀತಾನೆ" ಎಂದು ಮನೆಯವರು ನೊಂದು ಹೇಳುತ್ತಾರೆ. ಆ 41 ದಿನ ಆತನಿಗೆ ಏನೇನು ಸಿಕ್ಕಿತ್ತು, ಒಮ್ಮೆ ಎಣಿಸಿ ನೋಡಿ. ಬೆಳಗಿನ ಜಾವದ ತಣ್ಣೀರು ಸ್ನಾನ, ಹೊತ್ತಿಗೆ ಸರಿಯಾದ ಊಟ, ಸಂಜೆಯ ಭಜನೆ, ಜೊತೆಗೆ ಮಾಲೆ ಹಾಕಿದ ಹತ್ತಾರು ಮಂದಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಗುರುಸ್ವಾಮಿ. ಹಳೇ ಗೆಳೆಯರೂ ಆಗ "ಬಾರೋ" ಎಂದು ಕರೆಯುವುದಿಲ್ಲ. ನಿನ್ನೆಯವರೆಗೆ ಕುಡುಕ ಎನ್ನುತ್ತಿದ್ದ ಊರೇ "ಸ್ವಾಮಿ" ಎನ್ನುತ್ತದೆ. ದಿನಚರಿ, ಜೊತೆಗಾರರು, ದಾರಿ ತೋರುವ ಹಿರಿಯ, ಕುಡಿತದ ಜಾಗದಿಂದ ದೂರ, ಹೊಸ ಮರ್ಯಾದೆ: ವ್ಯಸನ ಚಿಕಿತ್ಸಾ ಕೇಂದ್ರಗಳು ತಿಂಗಳುಗಟ್ಟಲೆ ಶ್ರಮಪಟ್ಟು ಕಟ್ಟಿಕೊಡುವುದೂ ಇವನ್ನೇ. ಮಾಲೆ ತೆಗೆದ ದಿನ ಐದೂ ಒಟ್ಟಿಗೆ ಕೈಬಿಡುತ್ತವೆ. ಅಂಥವರನ್ನು ಬೈಯುವ ಮೊದಲು ಒಂದು ಕೆಲಸ ಮಾಡಬಹುದು. ಸಂಜೆಯ ಆ ಒಂದು ಗಂಟೆಯನ್ನೂ ಜೊತೆಗಿದ್ದ ಒಬ್ಬ ಸ್ವಾಮಿಯ ಸಹವಾಸವನ್ನೂ ಮಾಲೆ ತೆಗೆದ ಮೇಲೆ ಹೇಗೆ ಉಳಿಸಿಕೊಳ್ಳುವುದು ಎಂದು ಮಾಲೆ ಇರುವಾಗಲೇ ಕೂತು ಮಾತಾಡುವುದು.

● ಆದರೆ ಎಚ್ಚರ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಬರಬಹುದು. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ಎದೆ ಡವಡವ ಶುರುವಾಗುತ್ತದೆ. ಎರಡು ದಿನ ತುಂಬುವುದರೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರು ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿಗೆ ಜಾರುತ್ತಾರೆ. ಹಗಲೋ ರಾತ್ರಿಯೋ ತಿಳಿಯುವುದಿಲ್ಲ, ಗೋಡೆಯ ಮೇಲೆ ಇಲ್ಲದ ಹುಳುಹುಪ್ಪಟೆ ಕಾಣುತ್ತವೆ, ಯಾರೋ ಕೊಲ್ಲಲು ಬಂದರೆಂದು ಕೂಗುತ್ತಾರೆ. ಮನೆಯವರು ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಲು ಓಡುತ್ತಾರೆ. ದಯವಿಟ್ಟು ಮೊದಲು 108ಕ್ಕೆ ಕರೆ ಮಾಡಿ. ಸಮಯಕ್ಕೆ ಆಸ್ಪತ್ರೆ ಸೇರಿದರೆ ಕೆಲವೇ ದಿನಗಳ ಔಷಧದಲ್ಲಿ ಇದು ಹತೋಟಿಗೆ ಬರುತ್ತದೆ. ಬಿಟ್ಟರೆ ಸಾವೂ ಉಂಟು.

● ಇದು ಇಡೀ ಊರಿಗೇ ಕಂಡದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನ್ ಆಗಿ ಮದ್ಯದಂಗಡಿಗಳು ರಾತ್ರೋರಾತ್ರಿ ಮುಚ್ಚಿದಾಗ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಈ ಬಗೆಯ ತೀವ್ರ ತೊಂದರೆಯಿಂದ ಬಂದವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್ ವೈದ್ಯರು ದಾಖಲಿಸಿದ್ದಾರೆ. ಕರ್ನಾಟಕದಲ್ಲಿ ಅಂಗಡಿಗಳು ಮತ್ತೆ ತೆರೆದದ್ದು ಮೇ 4ರಂದು.

● ಸುಸ್ತಾಗಿ ಬಿದ್ದ ಕುಡುಕನಿಗೆ "ಒಂದು ಬಾಟ್ಲು ಗ್ಲೂಕೋಸ್ ಏರಿಸಿಬಿಡಿ ಸಾರ್" ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಬಹುಕಾಲ ಕುಡಿದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್ ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಉಳಿದಷ್ಟೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣುಗುಡ್ಡೆ ಅತ್ತಿತ್ತ ಅದುರುವುದು, ನಡೆಯುವಾಗ ತೂರಾಡುವುದು, ಗೊಂದಲ ಇದರ ಗುರುತು. ಮರೆವು ಶಾಶ್ವತವಾಗಿ ಉಳಿದುಬಿಡಬಹುದು. ಹೀಗಾಗಿ ಆಸ್ಪತ್ರೆಯಲ್ಲಿ ರೋಗಿ ಕುಡಿಯುತ್ತಾರೆ ಎಂಬುದನ್ನು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಮೊದಲು ಬಿ1, ಆಮೇಲೆ ಗ್ಲೂಕೋಸ್. ಈ ಕ್ರಮ ಗೊತ್ತಿರುವ ವೈದ್ಯರಿಗೂ ಕುಡಿತದ ವಿಷಯ ನೀವು ಹೇಳಿದರೆ ತಾನೇ ತಿಳಿಯುವುದು?

● "ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ" ಎಂಬ ಜಾಹೀರಾತಿನ ಪುಡಿಗಳನ್ನು ಬಸ್‌ಸ್ಟ್ಯಾಂಡ್ ಗೋಡೆಗಳಲ್ಲಿ ನೋಡಿರುತ್ತೀರಿ. ಒಳಗೇನಿದೆ ಎಂದು ಬರೆದಿರದ ಪುಡಿಯನ್ನು ಮನೆಯವರಿಗೆ ತಿನ್ನಿಸುವುದೇ ತಪ್ಪು. ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ನಿಜವಾದ ಮಾತ್ರೆಯೊಂದಿದೆ. ಅದನ್ನು ನುಂಗಿದವರು ಮದ್ಯ ಮುಟ್ಟಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರಿಗೆ ಪ್ರಾಣಾಪಾಯ. ಆದ್ದರಿಂದ ರೋಗಿಗೆ ಪೂರ್ತಿ ತಿಳಿಸಿ, ಆತ ಒಪ್ಪಿದ ಮೇಲೆ, ಪರೀಕ್ಷೆ ಮಾಡಿಯೇ ವೈದ್ಯರು ಇದನ್ನು ಕೊಡುತ್ತಾರೆ. ಕದ್ದು ಬೆರೆಸಿದ ಹೆಂಡತಿಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬೇಡ. ಕುಡಿಯುವ ಆಸೆಯನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಮಾತ್ರೆಗಳೂ ಇವೆ. ಅವು ಕುಡಿದರೆ ವಾಂತಿ ಮಾಡಿಸುವ ಜಾತಿಯವಲ್ಲ.

● ಒಂದು ಲೆಕ್ಕ. ಬಾಟಲಿಯ ಮೇಲೆ 42.8% ಎಂದಿರುವ ಮದ್ಯದ 30 ಎಂ.ಎಲ್.ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ನೈಂಟಿ ಪ್ಯಾಕೆಟ್‌ನಲ್ಲಿ 30 ಗ್ರಾಂ, ಕ್ವಾರ್ಟರ್‌ನಲ್ಲಿ 60. "ನಾನು ಬರೀ ಬಿಯರ್" ಎನ್ನುವವರ 650 ಎಂ.ಎಲ್. ಸ್ಟ್ರಾಂಗ್ ಬಾಟಲಿಯಲ್ಲಿ 40 ಗ್ರಾಂ. ಲಿವರ್ ಗಂಟೆಗೆ ಕರಗಿಸುವುದು ಏಳರಿಂದ ಹತ್ತು ಗ್ರಾಂ ಅಷ್ಟೇ. ರಾತ್ರಿ ಹತ್ತಕ್ಕೆ ಎರಡು ಕ್ವಾರ್ಟರ್ ಮುಗಿಸಿದವರು ಬೆಳಗ್ಗೆ ಆರಕ್ಕೆ ಬೈಕ್ ಹತ್ತಿದರೆ ಮೈಯಲ್ಲಿ ಇನ್ನೂ ಒಂದು ನೈಂಟಿಗಿಂತ ಹೆಚ್ಚು ಉಳಿದಿರುತ್ತದೆ. ಮಜ್ಜಿಗೆ, ನಿಂಬೆಹಣ್ಣು, ತಲೆಗೆ ತಣ್ಣೀರು ಯಾವುದೂ ಲಿವರನ್ನು ಅವಸರಪಡಿಸುವುದಿಲ್ಲ.

● ದಿನಕ್ಕೆ 40 ಗ್ರಾಂ ದಾಟಿ ಕುಡಿಯುವವರಿಗೆ ಕ್ಷಯ ಬರುವ ಅಪಾಯ ಸುಮಾರು ಮೂರು ಪಟ್ಟು. ಸ್ವಾಮಿ ಜಪಾನಂದರ ಆಶ್ರಮದ ಆರೋಗ್ಯ ಕೇಂದ್ರ ಕುಷ್ಠ ಮತ್ತು ಕ್ಷಯ ರೋಗಿಗಳಿಗಾಗಿ ವರ್ಷಗಳಿಂದ ದುಡಿಯುತ್ತಿರುವ ಪಾವಗಡದಲ್ಲಿ ಈ ನಂಟನ್ನು ಜನ ತಿಳಿದಿರಬೇಕು. ಕ್ಷಯದ ಮಾತ್ರೆಗಳೂ ಮದ್ಯವೂ ಎರಡೂ ಲಿವರಿನ ಮೇಲೆಯೇ ಭಾರ ಹಾಕುತ್ತವೆ.

● ಕುಡಿತ ಮಿತಿ ಮೀರಿದೆಯೇ ಎಂದು ನೋಡಲು ನಾಲ್ಕೇ ಪ್ರಶ್ನೆ ಸಾಕೆಂದು ಅಮೆರಿಕದ ವೈದ್ಯ ಜಾನ್ ಯೂಯಿಂಗ್ ತೋರಿಸಿಕೊಟ್ಟರು. ಕಡಿಮೆ ಮಾಡಬೇಕು ಎಂದು ನಿಮಗೇ ಅನ್ನಿಸಿದೆಯೇ? ಯಾರಾದರೂ ನಿಮ್ಮ ಕುಡಿತದ ಮಾತೆತ್ತಿದರೆ ರೇಗುತ್ತದೆಯೇ? ಕುಡಿದದ್ದಕ್ಕೆ ತಪ್ಪಿತಸ್ಥ ಭಾವ ಕಾಡಿದೆಯೇ? ಬೆಳಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲು ಕುಡಿದಿದ್ದೀರಾ? ಎರಡಕ್ಕೆ ಹೌದು ಎಂದರೆ ವೈದ್ಯರನ್ನು ಕಾಣುವ ಹೊತ್ತು ಬಂದಿದೆ. ನಾಲ್ಕನೆಯದಕ್ಕೆ ಹೌದು ಎಂದರೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸುವ ಸಾಹಸ ಬೇಡ.

● ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಕವರ್ ಸಾರಾಯಿ ಹೋಯಿತು, ಅಗ್ಗದ ವಿಸ್ಕಿಯ ನೈಂಟಿ ಪ್ಯಾಕೆಟ್ ಬಂತು.

● ಬಹುತೇಕ ಸುತ್ತಲೂ ಆಂಧ್ರವೇ ಇರುವ ಪಾವಗಡದವರಿಗೆ ಗಡಿಯಾಚೆಯ ಕಥೆ ಗೊತ್ತಿದ್ದೀತು. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಸಾರಾಯಿ ಅಂಗಡಿ ಮುಚ್ಚಿಸಿದರು. ಅವರ ಮುಂದಾಳು ರೋಸಮ್ಮ. ಆ ಕಿಚ್ಚು 1992ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿ, 1995ರ ಜನವರಿಯಲ್ಲಿ ಆಂಧ್ರದಲ್ಲಿ ಪೂರ್ಣ ಪಾನನಿಷೇಧವೇ ಬಂತು. ಉಳಿದದ್ದು ಸುಮಾರು ಎರಡು ವರ್ಷ. ನಮ್ಮಲ್ಲೂ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದರು. ರಾಯಚೂರು ಕಡೆಯ ಕೂಲಿ ಹೆಂಗಸರೇ ಅದರಲ್ಲಿ ಹೆಚ್ಚು. ಶಿರಾ ಇರುವುದೂ ಅದೇ ದಾರಿಯಲ್ಲಿ. ಅವರ ಬೇಡಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಊರಿನ ಗೂಡಂಗಡಿಯಲ್ಲಿ ಅಕ್ರಮವಾಗಿ ಮಾರುವ ಪ್ಯಾಕೆಟ್ ನಿಂತರೆ ಎಷ್ಟೋ ಹುಡುಗರು ಶುರುವೇ ಮಾಡುವುದಿಲ್ಲ. ಈಗಾಗಲೇ ದಾಸರಾದವರಿಗೆ ಮಾತ್ರ ಅಂಗಡಿ ಮುಚ್ಚಿದರೆ ಸಾಲದು, ಆಸ್ಪತ್ರೆಯ ಬಾಗಿಲೂ ತೆರೆದಿರಬೇಕು.

● ಧರ್ಮಸ್ಥಳದ ಮದ್ಯವರ್ಜನ ಶಿಬಿರದ ಹೆಸರು ಕೇಳದ ಹೋಬಳಿ ಇಲ್ಲ. ಧರ್ಮಸ್ಥಳ ಸಂಘಗಳನ್ನು ನಡೆಸುವ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಸೇರಿ ಊರೂರಲ್ಲಿ ಸಮುದಾಯ ಭವನವನ್ನೋ ಕಲ್ಯಾಣ ಮಂಟಪವನ್ನೋ ಹಿಡಿದು ಎಂಟು ದಿನ ಇದನ್ನು ನಡೆಸುತ್ತವೆ. ಶಿಬಿರದಷ್ಟೇ ಮುಖ್ಯವಾದದ್ದು, ಜನ ಅಷ್ಟಾಗಿ ಮಾತಾಡದ್ದು ನವಜೀವನ ಸಮಿತಿ: ಶಿಬಿರ ಮುಗಿಸಿದವರು ಊರಿಗೆ ಮರಳಿದ ಮೇಲೂ ಒಟ್ಟು ಸೇರುವ ಗುಂಪು. ಎಂಟು ದಿನ ಬಿಟ್ಟವನನ್ನು ಎಂಟನೇ ತಿಂಗಳಿಗೆ ದಾಟಿಸುವುದು ಇಂಥ ಗುಂಪೇ. ಸಮಿತಿಯ ಸಭೆಗೆ ಹೋಗುವುದನ್ನು ಬಿಟ್ಟ ಗಂಡಸರ ಮನೆಯವರು ಅದನ್ನು ಮೊದಲ ಎಚ್ಚರಿಕೆ ಎಂದು ತಿಳಿಯಬೇಕು.

● ಒಟ್ಟು ಕೂತು ಮಾತಾಡುವ ಇನ್ನೊಂದು ದಾರಿ ಆಲ್ಕೋಹಾಲಿಕ್ಸ್ ಅನಾನಿಮಸ್. ಅದು 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ, ಕುಡಿತ ಬಿಡಲು ಹೆಣಗುತ್ತಿದ್ದ ಒಬ್ಬ ಷೇರು ವ್ಯಾಪಾರಿಯೂ ಒಬ್ಬ ವೈದ್ಯನೂ ಭೇಟಿಯಾದದ್ದರಿಂದ ಹುಟ್ಟಿತು. ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ.

● ಬಿಟ್ಟವರು ಮತ್ತೆ ಕುಡಿದರೆ "ನಾಯಿ ಬಾಲ ಡೊಂಕೇ" ಎನ್ನುತ್ತೇವೆ. ಈ ಗಾದೆ ಎಷ್ಟು ಮಂದಿಯನ್ನು ಮತ್ತೆ ಅಂಗಡಿಗೆ ತಳ್ಳಿದೆಯೋ! ವ್ಯಸನದ ಚಿಕಿತ್ಸೆ ಪಡೆದವರಲ್ಲಿ 40ರಿಂದ 60% ಮಂದಿ ಮತ್ತೆ ಜಾರುತ್ತಾರೆ. ಬಿ.ಪಿ. ಮತ್ತು ಆಸ್ತಮಾ ರೋಗಿಗಳಲ್ಲಿ ಪಥ್ಯ, ಮಾತ್ರೆ ಬಿಟ್ಟು ಕಾಯಿಲೆ ಮರುಕಳಿಸುವವರು 50ರಿಂದ 70%. ಇದು 2000ದಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಪ್ರಕಟಿಸಿದ ಹೋಲಿಕೆ. ಬಿ.ಪಿ. ಏರಿದ ಅಪ್ಪನನ್ನು ಕರೆದುಕೊಂಡು ಮತ್ತೆ ಆಸ್ಪತ್ರೆಗೆ ಹೋಗುತ್ತೇವೆ. ಜಾರಿದ ಮಗನನ್ನೂ ಹಾಗೆಯೇ ಕರೆದೊಯ್ಯಬೇಕು, ಅದೂ ಜಾರಿದ ಮೊದಲ ವಾರದಲ್ಲೇ.

● ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐದಕ್ಕೆ ಒಬ್ಬರು ಅಲ್ಲಿ ಹೆರಾಯಿನ್‌ನಂಥ ಮಾದಕಕ್ಕೆ ದಾಸರಾಗಿದ್ದರು. ಊರಿಗೆ ಮರಳಿದ ಮೇಲೆ ಅವರಲ್ಲಿ ಮೂರು ವರ್ಷದೊಳಗೆ ಮತ್ತೆ ದಾಸರಾದವರು ಸುಮಾರು 12% ಮಾತ್ರ ಎಂದು ಲೀ ರಾಬಿನ್ಸ್ ಎಂಬ ಸಂಶೋಧಕಿ ಕಂಡುಕೊಂಡರು. ಜಾಗ ಬದಲಾಯಿತು, ಸಹವಾಸ ಬದಲಾಯಿತು, ದಿನ ಕಳೆಯುವ ರೀತಿ ಬದಲಾಯಿತು. ನಮ್ಮಲ್ಲಿ ಚಿಕಿತ್ಸೆ ಮುಗಿಸಿದವರು ಮರಳುವುದು ಮಾತ್ರ ಅದೇ ಬೀದಿಗೆ, ಅದೇ ಗೆಳೆಯರ ಬಳಿಗೆ.

● ಕುಡಿಯಬೇಕೆಂಬ ತುಡಿತ ಬೇಸಿಗೆಯಲ್ಲಿ ಹೊಲದ ನಡುವೆ ಏಳುವ ಸುಂಟರಗಾಳಿಯ ಹಾಗೆ: ಎದ್ದು, ಸುತ್ತಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಣ್ಣಗಾಗುತ್ತದೆ. ಇದು ಗೊತ್ತಿಲ್ಲದವರು ಕುಡಿಯದಿದ್ದರೆ ಅದು ಏರುತ್ತಲೇ ಹೋಗುತ್ತದೆ ಎಂದು ಹೆದರುತ್ತಾರೆ. ಆ ಅರ್ಧ ಗಂಟೆಗೆ ಕೈಗೊಂದು ಕೆಲಸ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಒಂದು ಚೊಂಬು ನೀರು ಕುಡಿಯಿರಿ. ಯಾರಿಗೆ ಫೋನ್ ಮಾಡುವುದೆಂದು ನಿರ್ಧರಿಸಿಟ್ಟ ಒಬ್ಬರಿಗೆ ಫೋನ್ ಮಾಡಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತಾ ಹತ್ತು ಸಲ ಎಣಿಸಿ, ಎದೆಬಡಿತ ಇಳಿಯುತ್ತದೆ. ಅಂಗಡಿ ಇಲ್ಲದ ದಿಕ್ಕಿಗೆ ನಡೆಯಿರಿ. ಹಸಿವು, ಸಿಟ್ಟು, ಒಂಟಿತನ, ಆಯಾಸ ಈ ನಾಲ್ಕರಲ್ಲಿ ಒಂದಿದ್ದಾಗ ತುಡಿತ ಬಲವಾಗುತ್ತದೆ ಎಂಬುದು ಬಿಟ್ಟವರೆಲ್ಲರ ಅನುಭವ. ಕಡಲೆಕಾಯಿ ಕಿತ್ತು, ಗಾರೆ ಕೆಲಸ ಮುಗಿಸಿ ಬರುವವರಿಗೆ ಸಂಜೆ ಆರರ ಹೊತ್ತಿಗೆ ಈ ನಾಲ್ಕರಲ್ಲಿ ಎರಡಾದರೂ ಇರುತ್ತವೆ. ಮನೆ ತಲುಪಿದ ಕೂಡಲೇ, ಸ್ನಾನಕ್ಕೂ ಮೊದಲು, ಬಿಸಿ ಮುದ್ದೆ ಉಣ್ಣುವುದು ಇಂಥವರಿಗೆ ದೊಡ್ಡ ಮದ್ದು.

● ಮನೋವೈದ್ಯರೇ ಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಯಾಗುವಷ್ಟು ಕುಡಿಯುತ್ತಿದ್ದ 377 ಗಂಡಸರ ಮೇಲೆ ನಡೆದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಜನರೇ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿದ್ದು. ಮೂರು ತಿಂಗಳ ಬಳಿಕ ಹಾಗೆ ಮಾತಾಡಿಸಿಕೊಂಡವರಲ್ಲಿ 36% ಮಂದಿ ಹತೋಟಿಗೆ ಬಂದಿದ್ದರು, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 26%. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ವೈದ್ಯರು ಅಜ್ಜಿಯರಿಗೇ ತರಬೇತಿ ಕೊಟ್ಟು, ಖಿನ್ನತೆಯಲ್ಲಿರುವವರ ಜೊತೆ ಮಾತಾಡಲು ಆಸ್ಪತ್ರೆ ಅಂಗಳದ ಬೆಂಚಿನ ಮೇಲೆ ಕೂರಿಸಿದ್ದಾರೆ. ಅರಳಿಕಟ್ಟೆಗಳಿಗೂ ಆಶಾ ಕಾರ್ಯಕರ್ತೆಯರಿಗೂ ಕೊರತೆಯಿಲ್ಲದ ನಮ್ಮ ನಾಲ್ಕು ತಾಲ್ಲೂಕಿಗೆ ಇದು ಬರಬೇಕೆಂಬುದು ನನ್ನ ಹಂಬಲ.

● ಖಿನ್ನತೆಯಲ್ಲಿರುವವರು "ಮನಸ್ಸು ಸರಿಹೋದ ಮೇಲೆ ಕೆಲಸಕ್ಕೆ ಹೋಗ್ತೀನಿ" ಎನ್ನುತ್ತಾರೆ. ಚಿಕಿತ್ಸೆ ಇದನ್ನು ತಿರುಗಿಸುತ್ತದೆ: ಮೊದಲು ಸಣ್ಣ ಕೆಲಸ, ಹಿಂದೆಯೇ ಮನಸ್ಸು. ಹಸುವಿಗೆ ನೀರಿಡುವುದು, ಒಂದು ಸಾಲಿಗೆ ನೀರು ಹಾಯಿಸುವುದು ಸಾಕು, ದಿನವೂ ಅದೇ ಹೊತ್ತಿಗೆ.

● ದೇಶದಲ್ಲಿ ಹತ್ತು ವಯಸ್ಕರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇದೆ ಎಂದು 2015-16ರ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ಕುಡಿತವೂ ಖಿನ್ನತೆಯೂ ಒಂದೇ ಮೈಯಲ್ಲಿ ಜೊತೆಯಾಗಿರುವುದು ಬಹಳ. ನಿದ್ದೆಗೆಂದು ಕುಡಿಯತೊಡಗಿದವರ ನಿದ್ದೆಯನ್ನು ಕುಡಿತವೇ ಕೆಡಿಸುತ್ತದೆ.

● ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ ಎರಡು ದಶಕದಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು 70% ಇಳಿಯಿತು. ಸಾಯಬೇಕೆಂಬ ಗಳಿಗೆಯೂ ಕಳೆದುಹೋಗುವಂಥದ್ದೇ. ಆ ಗಳಿಗೆಯಲ್ಲಿ ಕೈಗೆ ಸಿಗುವ ಹಾಗೆ ಡಬ್ಬಿ ಇರಬಾರದು. ಮನೆಯಲ್ಲಿ ಯಾರಾದರೂ ಕುಗ್ಗಿದ್ದರೆ ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳನ್ನು ಇಂದೇ ಅಣ್ಣತಮ್ಮಂದಿರ ಮನೆಗೋ ನೆಂಟರ ಮನೆಗೋ ಸಾಗಿಸಿ, ಬೀಗ ಹಾಕಿಸಿ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಎದೆಯ ಭಾರ ಇಳಿಸಲು ದಾರಿ ಸಿಗುತ್ತದೆ.

● ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಅವರಿಗೆ ಆರೈಕೆ ಒದಗಿಸಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಡಿ. ಮದ್ಯ, ಮಾದಕಗಳಿಂದ ಬರುವ ಕಾಯಿಲೆಯೂ ಈ ಕಾಯ್ದೆಯೊಳಗೇ ಬರುತ್ತದೆ. ಯಾವ ರೋಗಿಯನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಕೂಡಿಹಾಕಿ ಹೊಡೆದು ಬಿಡಿಸುತ್ತೇವೆ ಎನ್ನುವ ಜಾಗಕ್ಕೆ ನಿಮ್ಮವರನ್ನು ಕಳಿಸಬೇಡಿ.

● ಗಾಂಜಾದಂಥ ಮಾದಕದ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಬಯಸಿದರೆ ಮೊಕದ್ದಮೆಯಿಂದ ರಕ್ಷಣೆಗೆ ಕಾನೂನಿನಲ್ಲೇ ದಾರಿ ಇದೆ: 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಂ.

● ವ್ಯಸನ ಎಂದರೆ ಗಂಡಸರ ಕುಡಿತವೊಂದೇ ಅಲ್ಲ. ಎಲೆಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಅಜ್ಜಿಯರು ಮನೆಮನೆಯಲ್ಲಿದ್ದಾರೆ. ತೋಟದವರಿಗೆ ಕಹಿಯಾದರೂ ಹೇಳಬೇಕು: ತಂಬಾಕು ಬೆರೆಸದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ತಂಬಾಕು ಬಿಡಲು ಉಚಿತ ಕರೆ 1800-112-356.

● ಮೊಬೈಲ್ ಬಿಡಲಾಗದವರಿಗೆಂದೇ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸಿತು. ಕಳೆದ ಹಣ ಗೆದ್ದು ತೀರಿಸುತ್ತೇನೆಂದು ಮತ್ತೆ ಸಾಲ ಮಾಡುವುದು ಜೂಜಿನ ಕಾಯಿಲೆಯ ಮುಖ್ಯ ಲಕ್ಷಣ.

● ಪಾವಗಡದಿಂದ ಬೆಂಗಳೂರಿಗೆ ಇಡೀ ದಿನದ ಕೂಲಿ ಕಳೆದುಕೊಂಡು ಹೋಗಬೇಕಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರ ತಂಡ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಬರುತ್ತದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯಲ್ಲೋ ಕೇಳಿ. ರಾತ್ರಿ ಹಗಲೆನ್ನದೆ ಕನ್ನಡದಲ್ಲೇ ಮಾತಾಡಲು ಟೆಲಿ ಮನಸ್ ಇದೆ, 14416. ಇದು 2022ರ ಅಕ್ಟೋಬರ್ 10ರಂದು ಶುರುವಾಯಿತು, ದುಡ್ಡಿಲ್ಲ. ಮಾದಕ ವ್ಯಸನಕ್ಕೆ 14446. ಕುಡಿಯುವವರೇ ಮಾಡಬೇಕೆಂದಿಲ್ಲ, ಹೆಂಡತಿ, ತಾಯಿ, ಮಗಳು ಯಾರೇ ಕರೆ ಮಾಡಬಹುದು.

● ಮನೆಯವರಿಗೆ ಮಾತಾಡುವ ರೀತಿ ಕಲಿಸಿದರೆ, ಚಿಕಿತ್ಸೆಯೇ ಬೇಡವೆನ್ನುತ್ತಿದ್ದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಕೊನೆಗೆ ಒಪ್ಪುತ್ತಾರೆ. ಅಮೆರಿಕದಲ್ಲಿ ಕ್ರಾಫ್ಟ್ ಎಂಬ ಹೆಸರಿನಲ್ಲಿ ಬೆಳೆದ ಕ್ರಮ ಇದು. ಅಮಲಿನಲ್ಲಿರುವಾಗ ಜಗಳ ಬೇಡ, ಬೆಳಗ್ಗೆ ಕಾಫಿಯ ಹೊತ್ತಿಗೆ ಮಾತು. ಕುಡಿಯದೆ ಬಂದ ಸಂಜೆ ಜೊತೆಗೆ ಕೂತು ಊಟ, ಕುಡಿದು ಬಂದ ಸಂಜೆ ಸುಮ್ಮನಿದ್ದುಬಿಡುವುದು. ಸಾಲಗಾರರಿಗೆ ಆತನ ಪರವಾಗಿ ಸುಳ್ಳು ಹೇಳದಿರುವುದು. ಹೊಡೆತ ಬಡಿತವಿರುವ ಮನೆಯಲ್ಲಿ ಇದೆಲ್ಲಕ್ಕಿಂತ ಮೊದಲು ನಿಮ್ಮ, ಮಕ್ಕಳ ಸುರಕ್ಷತೆ. ಮಹಿಳಾ ಸಹಾಯವಾಣಿ 181.

● ಆಸ್ಪತ್ರೆಗೆ ಹೋಗುವ ದಿನ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ದಿನಕ್ಕೆ ಎಷ್ಟು ನೈಂಟಿ, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದದ್ದು ಯಾವ ಹೊತ್ತಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಬೇರೆ ಯಾವ ಮಾತ್ರೆ ನಡೆಯುತ್ತಿದೆ. ವೈದ್ಯರು ಮೊದಲು ಕೇಳುವುದು ಇವನ್ನೇ.